ಮಾಸಾಶನ ನಿಂತರೆ ಎಲ್ಲಿಂದ ಶುರು ಮಾಡುವುದು? ಕೊಡಗಿನ ವಿಕಲಚೇತನರ ಮನೆಯವರಿಗೆ ಒಂದು ಕೈಪಿಡಿ

ನನ್ನ ತಮ್ಮನಿಗೆ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿ. ಈಗ ಅವನಿಗೆ ಮೂವತ್ತು ದಾಟಿದೆ. ಅಮ್ಮ ಇರುವವರೆಗೆ ಅವನ ಪೆನ್ಷನ್ ವಿಷಯಕ್ಕೆ ನಾನು ತಲೆ ಹಾಕಿದವಳೇ ಅಲ್ಲ. ತಿಂಗಳಿಗೊಮ್ಮೆ ಅಮ್ಮ ಬ್ಯಾಂಕಿಗೆ ಹೋಗಿ ದುಡ್ಡು ತರುತ್ತಿದ್ದರು, ಅದು ಅವನ ಔಷಧಿಗೆ ಹೋಗುತ್ತಿತ್ತು. ಅಮ್ಮ ತೀರಿಕೊಂಡ ಕೆಲವು ತಿಂಗಳಿಗೆ ದುಡ್ಡು ಬರುವುದು ನಿಂತಿತು.

ನಾಡಕಚೇರಿಗೆ ಹೋದೆ. "ನಮ್ಮ ಕಡೆ ಎಲ್ಲ ಸರಿಯಿದೆ ಮೇಡಂ, ಬ್ಯಾಂಕಲ್ಲಿ ಕೇಳಿ" ಅಂದರು. ಬ್ಯಾಂಕಿಗೆ ಹೋದೆ. "ಸರ್ಕಾರದಿಂದ ದುಡ್ಡೇ ಬಂದಿಲ್ಲ, ನಾಡಕಚೇರಿಯಲ್ಲಿ ಕೇಳಿ" ಅಂದರು. ಮಳೆಗಾಲದಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕಾಗದದ ಚೀಲ ಹಿಡಿದು ಈ ಎರಡು ಬಾಗಿಲುಗಳ ನಡುವೆ ಏಳು ತಿಂಗಳು ಓಡಾಡಿದೆ. ಕೊನೆಗೆ ಗೊತ್ತಾಗಿದ್ದು ಇಷ್ಟೇ. ತಮ್ಮನ ಖಾತೆ ಅಮ್ಮನ ಜೊತೆ ಜಂಟಿಯಾಗಿತ್ತು. ಅಮ್ಮ ಹೋದ ಮೇಲೆ ಅದರಲ್ಲಿ ವ್ಯವಹಾರ ನಡೆಸುವವರು ಯಾರೂ ಇರಲಿಲ್ಲ, ಕೆವೈಸಿ, ಅಂದರೆ ಬ್ಯಾಂಕಿನ ಗುರುತು ಪರಿಶೀಲನೆ, ಮಾಡಿಸಿರಲಿಲ್ಲ, ಖಾತೆ ಸ್ಥಗಿತವಾಗಿತ್ತು. ಸರ್ಕಾರ ಕಳಿಸಿದ ದುಡ್ಡು ಹಾಗೇ ವಾಪಸ್ ಹೋಗುತ್ತಿತ್ತು. ತಮ್ಮನ ಅಂಗವೈಕಲ್ಯದಲ್ಲಿ ಏನೂ ಬದಲಾಗಿರಲಿಲ್ಲ. ಬದಲಾಗಿದ್ದು ಕಾಗದ ಮಾತ್ರ.

ಅದಾದ ಮೇಲೆ ನಮ್ಮ ಊರಿನ ಸುತ್ತಮುತ್ತ ಯಾರ ಮನೆಯಲ್ಲಿ ಹೀಗಾದರೂ ನನ್ನನ್ನು ಕರೆಯುತ್ತಾರೆ. ನೋಡಿ ನೋಡಿ ಒಂದು ವಿಷಯ ಅರ್ಥವಾಗಿದೆ. ಈಗ ಮಾಸಾಶನ ಬರುವುದು ಮೂರು ಕೊಂಡಿಗಳ ಮೇಲೆ. ಒಂದು, ಯುಡಿಐಡಿ ಕಾರ್ಡ್, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ. ಎರಡು, ನಾಡಕಚೇರಿಯ ಮಂಜೂರಾತಿ. ಮೂರು, ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ದುಡ್ಡು ನಿಂತಿದೆ ಅಂದರೆ ಇವುಗಳಲ್ಲಿ ಒಂದು ಕಳಚಿದೆ ಎಂದೇ ಅರ್ಥ. ಯಾವುದು ಕಳಚಿದೆ ಎಂದು ಮನೆಯಲ್ಲೇ ಕೂತು ಮೊದಲು ಕಂಡುಹಿಡಿಯಬೇಕು. ಆಮೇಲೆ ಬಸ್ ಹತ್ತಬೇಕು. ಈ ಲೇಖನ ಅದಕ್ಕಾಗಿಯೇ.

ಏನೇನು ಬದಲಾಗಿದೆ

ಹಿಂದೆ ಪೋಸ್ಟ್‌ಮ್ಯಾನ್ ಮನಿಆರ್ಡರ್ ತಂದು ಕೈಗೆ ಕೊಡುತ್ತಿದ್ದರು. ಅಂಗವೈಕಲ್ಯಕ್ಕೆ ಆಸ್ಪತ್ರೆಯ ಸೀಲ್ ಇರುವ ಒಂದು ಪುಸ್ತಕ ಸಾಕಾಗುತ್ತಿತ್ತು. ಆ ಕಾಲ ಮುಗಿಯಿತು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಗೆ ಬಂತು. ಅದಕ್ಕೂ ಮೊದಲಿದ್ದ 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯಗಳಿದ್ದವು, ಈಗ 21 ಇವೆ. ಇದು ಒಳ್ಳೆಯ ಬದಲಾವಣೆ, ಆದರೆ ನಮ್ಮಲ್ಲಿ ತುಂಬಾ ಜನರಿಗೆ ಗೊತ್ತೇ ಇಲ್ಲ. ಪಾರ್ಕಿನ್ಸನ್, ಸ್ನಾಯು ಕ್ಷಯ, ಆಟಿಸಂ, ಕಲಿಕಾ ನ್ಯೂನತೆ, ಕುಬ್ಜತೆ, ದೀರ್ಘಕಾಲದ ಮಾನಸಿಕ ಕಾಯಿಲೆ, ಹಿಮೋಫಿಲಿಯಾ, ತಲಸ್ಸೇಮಿಯಾ, ಸಿಕಲ್ ಸೆಲ್ ಎಲ್ಲವೂ ಪಟ್ಟಿಯಲ್ಲಿವೆ. ಕೊನೆಯದನ್ನು ಒತ್ತಿ ಹೇಳುತ್ತೇನೆ. ಸಿಕಲ್ ಸೆಲ್ ರಕ್ತದ ಕಾಯಿಲೆ ಬುಡಕಟ್ಟು ಜನರಲ್ಲಿ ಜಾಸ್ತಿ. 2023ರ ಜುಲೈನಲ್ಲಿ ಇದಕ್ಕಾಗಿಯೇ ರಾಷ್ಟ್ರೀಯ ಅಭಿಯಾನ ಶುರುವಾಯಿತು. ನಿಮ್ಮ ಹತ್ತಿರದ ಹಾಡಿಯಲ್ಲಿ ಪದೇ ಪದೇ ಮೈಕೈ ನೋವು, ರಕ್ತ ಕಡಿಮೆ ಎಂದು ಮಲಗುವ ಮಕ್ಕಳಿದ್ದರೆ, ರಕ್ತ ಪರೀಕ್ಷೆ ಮಾಡಿಸಲು ಹೇಳಿ. ಕಾಯಿಲೆ ಇದೆ ಎಂದು ಗೊತ್ತಾದರೆ ಅಂಗವೈಕಲ್ಯದ ಪ್ರಮಾಣಪತ್ರಕ್ಕೂ ಅರ್ಜಿ ಹಾಕಬಹುದು.

2021ರ ಜೂನ್ 1ರಿಂದ ಪ್ರಮಾಣಪತ್ರ ಕೊಡುವುದು ಯುಡಿಐಡಿ ಪೋರ್ಟಲ್ ಮೂಲಕ ಮಾತ್ರ. 2023ರ ಏಪ್ರಿಲ್ 1ರಿಂದ ಕೇಂದ್ರದ 17 ಯೋಜನೆಗಳಿಗೆ ಯುಡಿಐಡಿ ಸಂಖ್ಯೆ ಕಡ್ಡಾಯವಾಯಿತು. ಕಾರ್ಡ್ ಇನ್ನೂ ಬಂದಿಲ್ಲದವರು ಅರ್ಜಿ ಹಾಕಿದ ನೋಂದಣಿ ಸಂಖ್ಯೆ ಕೊಡಬೇಕು. 2024ರ ಮಾರ್ಚ್‌ನಲ್ಲಿ ಶೇಕಡಾವಾರು ಅಳೆಯುವ ಮಾರ್ಗಸೂಚಿಯೇ ಬದಲಾಯಿತು. 2024ರ ಅಕ್ಟೋಬರ್‌ನಲ್ಲಿ ನಿಯಮಗಳ ತಿದ್ದುಪಡಿ ಬಂತು. ಅದರ ವಿವರ ಮುಂದೆ ಹೇಳುತ್ತೇನೆ.

ಮೊದಲ ಹೆಜ್ಜೆ: ಯುಡಿಐಡಿ ಕಾರ್ಡ್ ತೆಗೆದು ನೋಡಿ

ಕಾರ್ಡ್ ಇದ್ದವರು ಮೊದಲು ಅದರ ಅವಧಿ ನೋಡಿ. ಅಂಗವೈಕಲ್ಯ ಮುಂದೆ ಬದಲಾಗುವ ಸಾಧ್ಯತೆ ಇಲ್ಲದಿದ್ದರೆ ಶಾಶ್ವತ ಎಂದು ಕೊಡುತ್ತಾರೆ. ಬದಲಾಗಬಹುದು ಎಂದು ವೈದ್ಯರಿಗೆ ಅನಿಸಿದರೆ ಕೆಲವು ವರ್ಷಕ್ಕೆ ತಾತ್ಕಾಲಿಕವಾಗಿ ಕೊಡುತ್ತಾರೆ. ಮಕ್ಕಳಿಗೆ ಬಹಳ ಸಲ ಹೀಗೆಯೇ. ಆ ದಿನಾಂಕ ದಾಟಿದರೆ ಕಾರ್ಡ್ ಕೈಯಲ್ಲಿದ್ದರೂ ಲೆಕ್ಕಕ್ಕಿಲ್ಲ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ನೋಡಿಯೇ ಇರುವುದಿಲ್ಲ. ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅದಕ್ಕೆ ಐದಾರು ತಿಂಗಳು ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ. ಯಾಕೆಂದರೆ ಪ್ರಮಾಣಪತ್ರ ಕೊಡಲು ಮೊದಲು ಇದ್ದ 1 ತಿಂಗಳ ಗಡುವನ್ನು 2024ರ ತಿದ್ದುಪಡಿಯಲ್ಲಿ 3 ತಿಂಗಳಿಗೆ ಏರಿಸಿದ್ದಾರೆ.

ಅದೇ ತಿದ್ದುಪಡಿಯಲ್ಲಿ ಕಾರ್ಡಿನ ಬಣ್ಣವೂ ಬಂತು. ಅಂಗವೈಕಲ್ಯ 40 ಪ್ರತಿಶತಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಅದಕ್ಕಿಂತ ಹೆಚ್ಚಾದರೆ ನೀಲಿ. ಬಿಳಿ ಕಾರ್ಡ್ ಬಂದರೆ ಅಂಗವೈಕಲ್ಯ ಇದೆ ಎಂದು ಒಪ್ಪಿದ್ದಾರೆ ಅಷ್ಟೇ, ಮಾಸಾಶನಕ್ಕೆ 40 ಬೇಕೇ ಬೇಕು.

ಕಾರ್ಡ್ ಇಲ್ಲದವರು ಯುಡಿಐಡಿಯ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಮೊಬೈಲಲ್ಲಿ ಆಗುತ್ತದೆ, ಆದರೆ ಫೋಟೊ, ಸಹಿ ಏರಿಸುವಾಗ ಕಷ್ಟ. ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಅಂತ ಇರುತ್ತಾರೆ. ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುತ್ತಾರೆ. ತಾಲೂಕಿಗೆ ಒಬ್ಬರು ಎಂಆರ್‌ಡಬ್ಲ್ಯೂ, ಪಟ್ಟಣಕ್ಕೆ ಯುಆರ್‌ಡಬ್ಲ್ಯೂ. ಇವರು ವಿಕಲಚೇತನರ ಕೆಲಸಕ್ಕಾಗಿಯೇ ಇರುವವರು, ಬಹುತೇಕರು ತಾವೇ ವಿಕಲಚೇತನರು. ಅವರ ಫೋನ್ ನಂಬರ್ ನಿಮ್ಮ ಬಳಿ ಇಲ್ಲದಿದ್ದರೆ ಇವತ್ತೇ ಪಂಚಾಯಿತಿಗೆ ಹೋಗಿ ಬರೆದುಕೊಂಡು ಬನ್ನಿ. ಈ ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುತ್ತೀರಿ ಅಂದರೆ ಅದು ಇದಾಗಲಿ.

ಅರ್ಜಿಗೆ ಬೇಕಾಗುವುದು ಆಧಾರ್, 6 ತಿಂಗಳೊಳಗೆ ತೆಗೆಸಿದ ಫೋಟೊ, ವಿಳಾಸದ ದಾಖಲೆ ಮತ್ತು ಒಂದು ಮೊಬೈಲ್ ನಂಬರ್. ನಂಬರ್ ಮನೆಯವರದ್ದೇ ಇರಲಿ. ಅರ್ಜಿ ಹಾಕಿಕೊಟ್ಟ ಅಂಗಡಿಯವರ ನಂಬರ್ ಕೊಟ್ಟರೆ ಆಸ್ಪತ್ರೆಗೆ ಬನ್ನಿ ಎಂಬ ಸಂದೇಶ ಅವರಿಗೆ ಹೋಗುತ್ತದೆ, ನಿಮಗಲ್ಲ. ನೀವು ಹೋಗದೆ ಅರ್ಜಿ ಹಾಗೇ ಉಳಿದು ಎರಡು ವರ್ಷ ದಾಟಿದರೆ ಅದು ಬಿದ್ದುಹೋಗುತ್ತದೆ. ಮತ್ತೆ ಮೊದಲಿನಿಂದ ಹಾಕಬೇಕು, ಇಲ್ಲವೇ ಅದನ್ನು ಮತ್ತೆ ಚಾಲನೆಗೆ ತರಲು ಕೇಳಿಕೊಳ್ಳಬೇಕು. ಇದೂ 2024ರ ಹೊಸ ನಿಯಮ.

ತಪಾಸಣೆಗೆ ನಮ್ಮ ಜಿಲ್ಲೆಯವರು ಹೆಚ್ಚಾಗಿ ಹೋಗುವುದು ಮಡಿಕೇರಿಗೆ, ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಗೆ. ಕುಟ್ಟದಿಂದಲೋ ಕೊಡ್ಲಿಪೇಟೆಯಿಂದಲೋ ಗಾಲಿಕುರ್ಚಿಯವರನ್ನು ಕರೆದುಕೊಂಡು ಬರುವುದು ಒಂದು ದಿನದ ಕೆಲಸ, ಜೀಪಿನ ಬಾಡಿಗೆ ಬೇರೆ. ಹಾಗಾಗಿ ಯಾವ ವಿಭಾಗದ ವೈದ್ಯರು ಯಾವ ದಿನ ಅಂಗವೈಕಲ್ಯ ತಪಾಸಣೆ ಮಾಡುತ್ತಾರೆ ಎಂದು ವಿಆರ್‌ಡಬ್ಲ್ಯೂ ಮೂಲಕ ಕೇಳಿಕೊಂಡೇ ಹೊರಡಿ. ಶುಕ್ರವಾರ ಮಡಿಕೇರಿ ಸಂತೆ, ಬಸ್ಸಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹುತ್ತರಿ, ಕೈಲ್‌ಪೊಳ್ದ್‌ಗೆ ಸ್ಥಳೀಯ ರಜೆ ಇರುತ್ತದೆ. ಹಳೆಯ ಎಕ್ಸ್‌ರೇ, ಆಪರೇಷನ್ ಚೀಟಿ, ಶಾಲೆಯ ವರದಿ, ಏನಿದೆಯೋ ಎಲ್ಲ ಜೊತೆಯಲ್ಲಿರಲಿ. ಕಿವಿ ಮತ್ತು ಮಾತಿನ ತೊಂದರೆಯ ಮಕ್ಕಳನ್ನು ಕೆಲವು ಸಲ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕಳಿಸುತ್ತಾರೆ. ದೂರವಾಯಿತು ಎಂದು ಬಿಡಬೇಡಿ. ಅಲ್ಲಿ ಪರೀಕ್ಷೆಯ ಜೊತೆಗೆ ಮಗುವಿಗೆ ಬೇಕಾದ ತರಬೇತಿಯ ದಾರಿಯೂ ಸಿಗುತ್ತದೆ.

ವೈದ್ಯರ ಮುಂದೆ ನಮ್ಮವರು ಮಾಡುವ ಒಂದು ತಪ್ಪು ಹೇಳಲೇಬೇಕು. "ಹೇಗಿದ್ದಾನೆ?" ಎಂದು ಕೇಳಿದರೆ "ಪರವಾಗಿಲ್ಲ ಡಾಕ್ಟ್ರೇ, ಅವನ ಕೆಲಸ ಅವನೇ ಮಾಡಿಕೊಳ್ಳುತ್ತಾನೆ" ಅನ್ನುತ್ತಾರೆ. ಮಗನ ಬಗ್ಗೆ ಕಡಿಮೆ ಹೇಳಬಾರದು ಎಂಬ ಮನಸ್ಸು ನನಗೆ ಅರ್ಥವಾಗುತ್ತದೆ. ಆದರೆ ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಊಟ ಮಾಡಿಸುವವರು ಯಾರು, ಶೌಚಕ್ಕೆ ಯಾರು ಕರೆದುಕೊಂಡು ಹೋಗುತ್ತಾರೆ, ರಾತ್ರಿ ಎಷ್ಟು ಸಲ ಎದ್ದು ಮಗ್ಗುಲು ಬದಲಿಸುತ್ತೀರಿ. ಹಿಂದಿನ ದಿನವೇ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಎಷ್ಟು ಸಿಗುತ್ತದೆ, ಯಾವುದನ್ನು ಆರಿಸಬೇಕು

ರಾಜ್ಯದ ಅಂಗವಿಕಲರ ಮಾಸಾಶನದಲ್ಲಿ 40ರಿಂದ 75 ಪ್ರತಿಶತದೊಳಗೆ ಅಂಗವೈಕಲ್ಯ ಇರುವವರಿಗೆ ತಿಂಗಳಿಗೆ 800 ರೂಪಾಯಿ. ಇದು 600 ಇತ್ತು, 2021ರಲ್ಲಿ 800 ಆಯಿತು. 75ಕ್ಕಿಂತ ಹೆಚ್ಚಿದ್ದರೆ 1,400. ಬುದ್ಧಿಮಾಂದ್ಯತೆ 75ಕ್ಕಿಂತ ಹೆಚ್ಚಿದ್ದರೆ 2,000. ವಾರ್ಷಿಕ ಆದಾಯದ ಮಿತಿ 32,000 ರೂಪಾಯಿ. ಕೇಂದ್ರದ ಇಂದಿರಾ ಗಾಂಧಿ ಅಂಗವಿಕಲರ ಪಿಂಚಣಿಯ ಪಾಲು ತಿಂಗಳಿಗೆ 300 ಮಾತ್ರ. ಅದೂ 18 ದಾಟಿರಬೇಕು, ಬಿಪಿಎಲ್ ಆಗಿರಬೇಕು, 80 ಪ್ರತಿಶತ ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರಬೇಕು. ಈ 300 ನಿಗದಿಯಾಗಿದ್ದು 2012ರಲ್ಲಿ. ಆಗಿನಿಂದ ಅಕ್ಕಿ, ಔಷಧಿ, ಬಸ್ ಚಾರ್ಜ್ ಎಲ್ಲ ಏರಿದೆ, ಇದು ಅಲ್ಲೇ ಇದೆ. 32,000ದ ಮಿತಿಯೂ ಹಾಗೆಯೇ. ತೋಟದಲ್ಲಿ ವರ್ಷವಿಡೀ ಕೆಲಸ ಮಾಡುವ ಒಬ್ಬ ಆಳಿನ ಕೂಲಿಯೇ ಅದನ್ನು ದಾಟುತ್ತದೆ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಮನವಿ ಬರೆಯುವಾಗ, ಗ್ರಾಮ ಸಭೆಯಲ್ಲಿ ಮಾತಾಡುವಾಗ ಇದನ್ನು ಹೇಳುತ್ತಲೇ ಇರಬೇಕು. 2016ರ ಕಾಯ್ದೆಯ 24ನೇ ಸೆಕ್ಷನ್ ವಿಕಲಚೇತನರಿಗೆ ಕೊಡುವ ನೆರವು ಬೇರೆಯವರಿಗೆ ಕೊಡುವ ಅದೇ ಬಗೆಯ ನೆರವಿಗಿಂತ ಕನಿಷ್ಠ 25 ಪ್ರತಿಶತ ಹೆಚ್ಚಿರಬೇಕು ಎನ್ನುತ್ತದೆ. ಮನವಿಯಲ್ಲಿ ಈ ಸೆಕ್ಷನ್ ಹೆಸರು ಬರೆಯಿರಿ.

ಒಬ್ಬರಿಗೆ ಒಂದೇ ಮಾಸಾಶನ. ಆದ್ದರಿಂದ ವಯಸ್ಸಾದವರು ಸ್ವಲ್ಪ ಲೆಕ್ಕ ಹಾಕಬೇಕು. ಸಂಧ್ಯಾ ಸುರಕ್ಷಾ 65 ದಾಟಿದವರಿಗೆ 1,200 ಕೊಡುತ್ತದೆ. 50 ಪ್ರತಿಶತ ಅಂಗವೈಕಲ್ಯ ಇರುವ ಅಜ್ಜನಿಗೆ 65 ತುಂಬಿದರೆ 800ರ ಬದಲು 1,200 ಪಡೆಯುವುದೇ ಲಾಭ. ಅಂಗವೈಕಲ್ಯ 75 ಪ್ರತಿಶತ ದಾಟಿದ್ದರೆ ಅಂಗವಿಕಲರ 1,400ರಲ್ಲೇ ಇರಲಿ. ಬದಲಾಯಿಸುವಾಗ ಹಳೆಯದನ್ನು ರದ್ದು ಮಾಡಿ ಹೊಸದಕ್ಕೆ ಅರ್ಜಿ ಹಾಕುತ್ತಿದ್ದೇನೆ ಎಂದು ನಾಡಕಚೇರಿಯಲ್ಲಿ ಲಿಖಿತವಾಗಿಯೇ ಕೊಡಿ. ಎರಡೂ ಹೆಸರಲ್ಲಿ ಕಂಡರೆ ಎರಡೂ ನಿಲ್ಲುವ ಭಯ ಇದೆ.

"ಗೃಹಲಕ್ಷ್ಮಿ ತೆಗೆದುಕೊಂಡರೆ ಪೆನ್ಷನ್ ನಿಲ್ಲುತ್ತದಾ ಅಕ್ಕಾ?" ಎಂದು ತೋಟದ ಲೈನ್ ಮನೆಯ ಹೆಂಗಸರು ಕೇಳುತ್ತಾರೆ. ನಿಲ್ಲುವುದಿಲ್ಲ. 2,000 ಮನೆಯ ಯಜಮಾನಿಗೆ ಸಿಗುವ ಹಣ. ಮಾಸಾಶನ ಅಂಗವೈಕಲ್ಯಕ್ಕೆ ಸಿಗುವುದು.

ಇನ್ನೊಂದು, 2024-25ರ ರಾಜ್ಯ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಸ್ನಾಯು ಕ್ಷಯ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂಪಾಯಿ ಆರೈಕೆ ಭತ್ಯೆ ಘೋಷಿಸಿದರು. ಮೊದಲ ಬಾರಿಗೆ ನೋಡಿಕೊಳ್ಳುವ ಕೈಯನ್ನೂ ಸರ್ಕಾರ ನೋಡಿತು ಅನಿಸಿತು. ಈ ನಾಲ್ಕರಲ್ಲಿ ಒಂದು ನಿಮ್ಮ ಮನೆಯಲ್ಲಿದ್ದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಈ ಭತ್ಯೆಯ ಹೆಸರು ಹೇಳಿಯೇ ಕೇಳಿ.

ಎರಡನೇ ಹೆಜ್ಜೆ: ನಾಡಕಚೇರಿ

ಹೊಸ ಅರ್ಜಿ ಹೋಬಳಿಯ ನಾಡಕಚೇರಿಯಲ್ಲಿ ಕೊಡಬೇಕು. ಯುಡಿಐಡಿ ಕಾರ್ಡ್, ಆಧಾರ್, ರೇಷನ್ ಕಾರ್ಡ್, ಆದಾಯದ ದಾಖಲೆ, ಬ್ಯಾಂಕ್ ಅಥವಾ ಅಂಚೆ ಕಚೇರಿ ಪಾಸ್‌ಬುಕ್, ಫೋಟೊ ಬೇಕು. ಎಲ್ಲದರಲ್ಲೂ ಹೆಸರು ಒಂದೇ ತರ ಇದೆಯಾ ನೋಡಿ. ನಮ್ಮಲ್ಲಿ ಇದು ದೊಡ್ಡ ತಲೆನೋವು. ಒಂದರಲ್ಲಿ ಮನೆತನದ ಹೆಸರು ಮುಂದೆ, ಇನ್ನೊಂದರಲ್ಲಿ ಇಲ್ಲವೇ ಇಲ್ಲ. ಒಂದರಲ್ಲಿ ಗಂಡನ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು. ಯರವ, ಜೇನುಕುರುಬ ಹಾಡಿಗಳಲ್ಲಿ ಕರೆಯುವ ಹೆಸರನ್ನು ಬರೆಯುವವರು ತಮಗೆ ಕೇಳಿಸಿದಂತೆ ಬರೆದುಬಿಟ್ಟಿರುತ್ತಾರೆ. ಮೊದಲು ಆಧಾರ್ ಸರಿಮಾಡಿ, ಉಳಿದದ್ದನ್ನು ಅದಕ್ಕೆ ಹೊಂದಿಸಿ.

ಕುಶಾಲನಗರ, ಪೊನ್ನಂಪೇಟೆ ಹೊಸ ತಾಲೂಕಾದ ಮೇಲೆ ಹಳೆಯ ಕಾಗದಗಳಲ್ಲಿ ಸೋಮವಾರಪೇಟೆ, ವಿರಾಜಪೇಟೆ ಎಂದೇ ಇದೆ. ಅದಕ್ಕೆ ಹೆದರಬೇಡಿ. ಹೊಸ ಅರ್ಜಿಯಲ್ಲಿ ಈಗಿನ ತಾಲೂಕು ಬರೆಯಿರಿ.

ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಇರುವ ಸ್ವೀಕೃತಿ ಕೇಳಿ ಪಡೆಯಿರಿ. ಅದಿಲ್ಲದೆ ಕಚೇರಿಯಿಂದ ಹೊರಗೆ ಕಾಲಿಡಬೇಡಿ. ಗ್ರಾಮ ಆಡಳಿತ ಅಧಿಕಾರಿ ಪರಿಶೀಲಿಸುತ್ತಾರೆ. ಮೊದಲು ಗ್ರಾಮಲೆಕ್ಕಿಗರು ಅನ್ನುತ್ತಿದ್ದರಲ್ಲ, ಅವರೇ. ಉಪ ತಹಶೀಲ್ದಾರ್ ಮಂಜೂರು ಮಾಡುತ್ತಾರೆ. ಮಂಜೂರಾತಿ ಆದೇಶದ ಪ್ರತಿ ಜೋಪಾನ. ಅದರ ಸಂಖ್ಯೆಯೇ ಮುಂದೆ ಎಲ್ಲಕ್ಕೂ ಬೇಕಾಗುವುದು.

ಮಂಜೂರಾದ ಮೇಲೂ ಆಗಾಗ ಪರಿಶೀಲನೆ ನಡೆಯುತ್ತದೆ. ಬದುಕಿದ್ದಾರಾ, ಅದೇ ವಿಳಾಸದಲ್ಲಿದ್ದಾರಾ, ಆಧಾರ್‌ನ ವಯಸ್ಸು ಹೊಂದುತ್ತದಾ ಎಂದು ನೋಡುತ್ತಾರೆ. ಇಲ್ಲಿ ತೋಟದ ಕಾರ್ಮಿಕರು ಸಿಕ್ಕಿಹಾಕಿಕೊಳ್ಳುತ್ತಾರೆ. ಈ ವರ್ಷ ಅಮ್ಮತ್ತಿ ಕಡೆಯ ತೋಟ, ಮುಂದಿನ ವರ್ಷ ಸುಂಟಿಕೊಪ್ಪ ಕಡೆ. ಹಳೆಯ ಲೈನ್ ಮನೆಗೆ ಅಧಿಕಾರಿ ಬಂದಾಗ ಬೇರೆ ಯಾರೋ ಇರುತ್ತಾರೆ. "ಇಲ್ಲಿಲ್ಲ" ಎಂದು ಬರೆದುಕೊಂಡು ಹೋಗುತ್ತಾರೆ, ಪೆನ್ಷನ್ ನಿಲ್ಲುತ್ತದೆ. ತೋಟ ಬದಲಿಸಿದ ಕೂಡಲೇ ಹಳೆಯ ಮತ್ತು ಹೊಸ ನಾಡಕಚೇರಿ ಎರಡಕ್ಕೂ ವಿಳಾಸ ಬದಲಾವಣೆಯ ಅರ್ಜಿ ಕೊಡಿ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ ಒಂದು ಬೇಡಿಕೆ: ನಿಮ್ಮ ಲೈನ್ ಮನೆಯಲ್ಲಿ ವಾಸವಿದ್ದಾರೆ ಎಂದು ಒಂದು ಪತ್ರ ಬರೆದುಕೊಡಿ. ನಿಮಗೆ ಎರಡು ನಿಮಿಷದ ಕೆಲಸ, ಅವರಿಗೆ ವರ್ಷದ ಔಷಧಿ.

ಕಂದಾಯ ಇಲಾಖೆಯವರು ನಡೆಸುವ ಪಿಂಚಣಿ ಅದಾಲತ್ ನಿಮ್ಮ ಹೋಬಳಿಯಲ್ಲಿ ಇದೆ ಎಂದು ಕೇಳಿದರೆ ಕೂಲಿ ಒಂದು ದಿನ ಹೋದರೂ ಹೋಗಿ. ಅಧಿಕಾರಿ, ಕಡತ, ಕಂಪ್ಯೂಟರ್ ಮೂರೂ ಒಂದೇ ಕಡೆ ಸಿಗುವುದು ಅಲ್ಲಿ.

ಮೂರನೇ ಹೆಜ್ಜೆ: ಬ್ಯಾಂಕ್, ಇಲ್ಲಿಯೇ ಜಾಸ್ತಿ ಎಡವುವುದು

ನಾನು ನೋಡಿದ ಮನೆಗಳಲ್ಲಿ ಹೆಚ್ಚಿನವರ ದುಡ್ಡು ನಿಂತಿದ್ದು ಇಲ್ಲಿ.

ಈಗ ಸರ್ಕಾರ ದುಡ್ಡು ಕಳಿಸುವುದು ಆಧಾರ್ ಸಂಖ್ಯೆಗೆ. ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಎನ್‌ಪಿಸಿಐ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಇರುತ್ತದೆ. ಒಂದು ಆಧಾರ್‌ಗೆ ಒಂದೇ ಖಾತೆ. ಕೊನೆಗೆ ಜೋಡಿಸಿದ್ದು ಯಾವುದೋ ಅದಕ್ಕೇ ದುಡ್ಡು ಹೋಗುತ್ತದೆ. ಅರ್ಜಿಯಲ್ಲಿ ಬರೆದ ಪಾಸ್‌ಬುಕ್ ನಂಬರಿಗೆ ಬರುತ್ತದೆ ಎಂದು ಕಾಯುತ್ತಾ ಕೂರಬೇಡಿ.

ಇದರಿಂದ ಎರಡು ತರ ತೊಂದರೆ ಆಗುತ್ತದೆ. ಮೊದಲನೆಯದು, ದುಡ್ಡು ಬೇರೆ ಖಾತೆಗೆ ಹೋಗುವುದು. ಮೊಬೈಲ್ ಸಿಮ್ ತೆಗೆದುಕೊಳ್ಳುವಾಗ, ಸ್ವಸಹಾಯ ಸಂಘಕ್ಕೆ ಸೇರುವಾಗ, ಯಾವುದೋ ಮೇಳದಲ್ಲಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೊಸ ಖಾತೆ ತೆರೆದಿರುತ್ತಾರೆ. ನಿಮಗೆ ನೆನಪೂ ಇರುವುದಿಲ್ಲ. ದುಡ್ಡು ಅಲ್ಲಿ ತಿಂಗಳುಗಟ್ಟಲೆ ಕೂತಿರುತ್ತದೆ. ಹೀಗಾಗಿದ್ದರೆ ಸಂತೋಷವೇ, ಒಂದೇ ಸಲಕ್ಕೆ ಅಷ್ಟೂ ಸಿಗುತ್ತದೆ. ಎರಡನೆಯದು ನನ್ನ ತಮ್ಮನಿಗೆ ಆದದ್ದು. ಖಾತೆ ಸ್ಥಗಿತವಾಗಿ ದುಡ್ಡು ವಾಪಸ್ ಹೋಗುವುದು.

ಪತ್ತೆ ಮಾಡುವುದು ಹೀಗೆ. ಡಿಬಿಟಿ ಕರ್ನಾಟಕ ಎಂಬ ಆ್ಯಪ್ ಇದೆ. ಆಧಾರ್ ಸಂಖ್ಯೆ, ಆಧಾರ್‌ಗೆ ಕೊಟ್ಟ ಮೊಬೈಲಿಗೆ ಬರುವ ಒಟಿಪಿ ಹಾಕಿದರೆ ಯಾವ ಯೋಜನೆಯ ಎಷ್ಟು ದುಡ್ಡು ಯಾವ ದಿನ ಯಾವ ಬ್ಯಾಂಕಿಗೆ ಹೋಯಿತು ಎಂದು ತೋರಿಸುತ್ತದೆ. ಅದೇ ಆ್ಯಪ್‌ನಲ್ಲಿ ಆಧಾರ್ ಜೋಡಣೆಯ ಸ್ಥಿತಿಯೂ ಕಾಣುತ್ತದೆ. ಸಾದಾ ಫೋನ್ ಇರುವವರು *99*99*1# ಒತ್ತಿ ಆಧಾರ್ ಸಂಖ್ಯೆ ಹಾಕಿ ಜೋಡಣೆ ನೋಡಬಹುದು. ಆ್ಯಪ್‌ನಲ್ಲಿ ಪಾವತಿ ತೋರಿಸುತ್ತಿದ್ದರೆ ನೇರ ಆ ಬ್ಯಾಂಕಿಗೆ ಹೋಗಿ. ಪಾವತಿಯೇ ಇಲ್ಲದಿದ್ದರೆ ನಾಡಕಚೇರಿಗೆ. ಪಾವತಿ ವಿಫಲ ಎಂದಿದ್ದರೆ ಬ್ಯಾಂಕಿನಲ್ಲಿ ಜೋಡಣೆ ಸರಿಮಾಡಿಸಿ, ಆಮೇಲೆ ನಾಡಕಚೇರಿಗೆ ಒಂದು ಅರ್ಜಿ. ನನಗೆ ಇಷ್ಟು ಮೊದಲೇ ಗೊತ್ತಿದ್ದರೆ ಏಳು ತಿಂಗಳು ಅಲೆಯಬೇಕಿರಲಿಲ್ಲ.

ಬ್ಯಾಂಕಿನಲ್ಲಿ ಕೇಳುವ ಮಾತೂ ಮುಖ್ಯ. "ಆಧಾರ್ ಲಿಂಕ್ ಆಗಿದೆಯಾ?" ಎಂದರೆ "ಆಗಿದೆ" ಅನ್ನುತ್ತಾರೆ, ಯಾಕೆಂದರೆ ಖಾತೆಯಲ್ಲಿ ಆಧಾರ್ ಸಂಖ್ಯೆ ದಾಖಲಾಗಿರುತ್ತದೆ. "ಎನ್‌ಪಿಸಿಐ ಮ್ಯಾಪಿಂಗ್ ಚಾಲ್ತಿಯಲ್ಲಿದೆಯಾ ನೋಡಿ ಸರ್" ಎಂದು ಕೇಳಿ. ಇವೆರಡೂ ಬೇರೆ ಬೇರೆ. ಇಲ್ಲ ಎಂದರೆ ಆಧಾರ್ ಜೋಡಣೆಯ ಒಪ್ಪಿಗೆ ಪತ್ರ ತುಂಬಿ ಕೊಡಿ, ಅದರ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ.

ಎರಡು ವರ್ಷ ನಾವಾಗಿ ಏನೂ ವ್ಯವಹಾರ ಮಾಡದಿದ್ದರೆ ಖಾತೆ ನಿಷ್ಕ್ರಿಯವಾಗುತ್ತದೆ. ದುಡ್ಡು ಕೂಡಿಡುತ್ತೇವೆ ಎಂದು ಮುಟ್ಟದೆ ಬಿಡುವವರು ಆರು ತಿಂಗಳಿಗೊಮ್ಮೆ 100 ರೂಪಾಯಿಯಾದರೂ ತೆಗೆಯಿರಿ ಅಥವಾ ಕಟ್ಟಿರಿ. ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಬ್ಯಾಂಕಿನ ಹಳೆಯ ಪಾಸ್‌ಬುಕ್ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅವು ಕೆನರಾ, ಬರೋಡಾ, ಯೂನಿಯನ್ ಬ್ಯಾಂಕುಗಳ ಜೊತೆ ಸೇರಿ ವರ್ಷಗಳಾದವು. ಹೊಸ ಪಾಸ್‌ಬುಕ್ ಮಾಡಿಸಿ, ಅದೇ ದಿನ ಕೆವೈಸಿಯನ್ನೂ ಮುಗಿಸಿ.

ಕೆವೈಸಿಗೆ ಬೆರಳಚ್ಚು ಸಿಗದಿದ್ದರೆ? ಕಾಫಿ ಕುಯ್ದು, ಕತ್ತಿ ಹಿಡಿದು ಬೆರಳಿನ ಗೆರೆಯೇ ಸವೆದಿರುತ್ತದೆ. ಕೆಲವರಿಗೆ ಬೆರಳೇ ಇರುವುದಿಲ್ಲ. ಆಧಾರ್‌ನಲ್ಲಿ ಕಣ್ಣಿನ ಪಾಪೆ ಮತ್ತು ಮುಖದ ಗುರುತಿಗೂ ಅವಕಾಶ ಇದೆ, ಬೆರಳಿಲ್ಲದವರಿಗೆ ವಿನಾಯಿತಿಯ ನೋಂದಣಿಯೂ ಇದೆ. ಕಣ್ಣು ಕಾಣದವರನ್ನು ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಎಂದು ಒತ್ತಾಯಿಸುವ ಪದ್ಧತಿಯ ಬಗ್ಗೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿದೆ. ಡಿಜಿಟಲ್ ಸೇವೆ ಪಡೆಯುವುದು ಬದುಕುವ ಹಕ್ಕಿನ ಭಾಗ, ಕೆವೈಸಿಗೆ ಬೇರೆ ದಾರಿ ಕೊಡಬೇಕು ಎಂದು ಹೇಳಿದೆ. ಬ್ಯಾಂಕಿನವರು ಆಗುವುದಿಲ್ಲ ಎಂದರೆ ಈ ತೀರ್ಪಿನ ಮಾತು ಹೇಳಿ, ಲಿಖಿತ ಉತ್ತರ ಕೇಳಿ. ಹಾಗೆಯೇ ಮಕ್ಕಳ ಆಧಾರ್‌ನಲ್ಲಿ 5 ಮತ್ತು 15 ವರ್ಷಕ್ಕೆ ಬೆರಳಚ್ಚು ಹೊಸದಾಗಿ ಕೊಡಿಸುವುದನ್ನು ಮರೆಯಬೇಡಿ.

ನಡೆಯಲಾಗದವರು ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ಮಾಡಿಸಿದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ದುಡ್ಡು ಕೊಡುವ ಸೌಲಭ್ಯ ಇದೆ. ಯಾರ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿದರೂ ಚೀಟಿ ಕೇಳಿ, ಅದರಲ್ಲಿರುವ ಮೊತ್ತವೂ ಕೈಗೆ ಬಂದ ಮೊತ್ತವೂ ಒಂದೇನಾ ನೋಡಿ. "ನಿಮ್ಮ ಪೆನ್ಷನ್ ನಿಂತಿದೆ, ಒಟಿಪಿ ಹೇಳಿ" ಎಂದು ಬರುವ ಫೋನ್ ಮೋಸದ್ದು. ಯಾವ ಕಚೇರಿಯೂ ಹಾಗೆ ಕೇಳುವುದಿಲ್ಲ.

ಹದಿನೆಂಟು ದಾಟಿದ ಮಕ್ಕಳಿಗೆ ಪೋಷಕರ ಆದೇಶ

ಇದು ನಮ್ಮ ಮನೆಯಲ್ಲಿ ತಪ್ಪಿಹೋಗಿದ್ದ ಕೆಲಸ. ಬುದ್ಧಿಮಾಂದ್ಯತೆ, ಸೆರೆಬ್ರಲ್ ಪಾಲ್ಸಿ, ಆಟಿಸಂ, ಬಹುವಿಧ ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಅಪ್ಪ ಅಮ್ಮನೂ ಕಾನೂನಿನ ಪ್ರಕಾರ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಸ್ಥಳೀಯ ಮಟ್ಟದ ಸಮಿತಿ ಪೋಷಕರನ್ನು ನೇಮಿಸುತ್ತದೆ. ಅರ್ಜಿಯ ದಾರಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಗೊತ್ತಾಗುತ್ತದೆ. ಆ ಆದೇಶ ಕೈಯಲ್ಲಿದ್ದರೆ ಬ್ಯಾಂಕಿನಲ್ಲಿ ಸಹಿ ಮಾಡುವವರು ಯಾರು ಎಂಬ ಪ್ರಶ್ನೆಯೇ ಬರುವುದಿಲ್ಲ.

ಅಪ್ಪ ಅಮ್ಮನಿಗೆ ವಯಸ್ಸಾಗಿದ್ದರೆ ಈಗಲೇ ಕೂತು ಮಾತಾಡಿ. ಮುಂದೆ ಯಾರು ನೋಡಿಕೊಳ್ಳುತ್ತಾರೆ ಎಂಬ ಮಾತು ಎತ್ತಲು ಯಾರಿಗೂ ಮನಸ್ಸಾಗುವುದಿಲ್ಲ. ಅಮ್ಮನ ಹತ್ತಿರ ನಾನೂ ಎತ್ತಲಿಲ್ಲ.

ಇದೇ ನಾಲ್ಕು ಬಗೆಯವರಿಗೆ ನಿರಾಮಯ ಎಂಬ ಆರೋಗ್ಯ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಥೆರಪಿಯ ಖರ್ಚೂ ಸೇರುತ್ತದೆ. ಮಾಡಿಸದೆ ಬಿಡಬೇಡಿ.

ಉಳಿದ ಸೌಲಭ್ಯಗಳು, ಚುಟುಕಾಗಿ

ಕೆಎಸ್ಆರ್‌ಟಿಸಿಯ ರಿಯಾಯಿತಿ ಪಾಸ್ ವರ್ಷಕ್ಕೆ 660 ರೂಪಾಯಿ. ಮನೆಯಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಬೇಕು, ವರ್ಷದ ಆರಂಭದಲ್ಲಿ ನವೀಕರಿಸಬೇಕು. ನಮ್ಮಲ್ಲಿ ಒಳಗಿನ ಊರುಗಳಿಗೆ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು, ಅಲ್ಲಿ ಈ ಪಾಸ್ ನಡೆಯುವುದಿಲ್ಲ. ಆದರೂ ಸರ್ಕಾರಿ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬರುವವರಿಗೆ ಆ 100 ಕಿಲೋಮೀಟರ್‌ನೊಳಗೆ ಇದು ದೊಡ್ಡ ಉಳಿತಾಯ.

ಗ್ರಾಮ ಪಂಚಾಯಿತಿ ತನ್ನ ಹಣದಲ್ಲಿ 5 ಪ್ರತಿಶತ ವಿಕಲಚೇತನರಿಗೆ ಮೀಸಲಿಡಬೇಕು. ಗ್ರಾಮ ಸಭೆಯಲ್ಲಿ ಎದ್ದು ನಿಂತು ಕೇಳಿ: ಈ ವರ್ಷ ಅದು ಎಷ್ಟು, ಯಾರಿಗೆ ಏನು ಕೊಟ್ಟಿರಿ? ಗಾಲಿಕುರ್ಚಿ, ವಾಕರ್, ಶೌಚಾಲಯಕ್ಕೆ ಹಿಡಿಕೆ, ಮನೆ ಮುಂದಿನ ಇಳಿಜಾರು ದಾರಿ, ಇವೆಲ್ಲ ಕೇಳಬಹುದು.

ಕಾಡಾನೆ ದಾಳಿಯಿಂದ ಅಂಗವೈಕಲ್ಯ ಆದವರಿಗೆ ಅರಣ್ಯ ಇಲಾಖೆ ಪರಿಹಾರ ಬೇರೆಯೇ ಇದೆ. ಅದು ಸಿಕ್ಕಿದ ಮೇಲೂ ಯುಡಿಐಡಿ ಮಾಡಿಸಿ. ಪರಿಹಾರ ಒಮ್ಮೆ ಬಂದು ಖರ್ಚಾಗುತ್ತದೆ.

ಇಲ್ಲ ಎಂದರೆ ಏನು ಮಾಡುವುದು

ಶೇಕಡಾವಾರು ಕಡಿಮೆ ಬಂದಿದೆ ಅನಿಸಿದರೆ 90 ದಿನದೊಳಗೆ ಮೇಲ್ಮನವಿ ಹಾಕಬಹುದು. 38, 39 ಎಂದು ಬಂದವರು ಸುಮ್ನೆ ಕೂರಬೇಡಿ. ಮಕ್ಕಳ ಪರವಾಗಿ ಪೋಷಕರು ಹಾಕಬಹುದು. 2024ರ ಹೊಸ ಮಾರ್ಗಸೂಚಿಯಿಂದ ನವೀಕರಣದ ಸಮಯದಲ್ಲಿ ಸಂಖ್ಯೆ ಬದಲಾಗಬಹುದು. ಹಾಗಾಗಿ ಹಳೆಯ ಪ್ರಮಾಣಪತ್ರದ ಪ್ರತಿ ಎಸೆಯಬೇಡಿ.

ನಾಡಕಚೇರಿಯಲ್ಲಿ ತಡವಾದರೆ ಸಕಾಲ ಸಂಖ್ಯೆ ಹಿಡಿದು ತಹಶೀಲ್ದಾರರ ಬಳಿ ಹೋಗಿ. ಜನಸ್ಪಂದನದ 1902ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ದೂರಿನ ಸಂಖ್ಯೆ ಬರೆದುಕೊಳ್ಳಿ. ಅಲ್ಲೂ ಆಗದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ಕಾಯ್ದೆಯ ರಾಜ್ಯ ಆಯುಕ್ತರಿದ್ದಾರೆ. ಅವರಿಗೆ ಅಂಚೆಯಲ್ಲೇ ದೂರು ಕಳಿಸಬಹುದು, ವಕೀಲರು ಬೇಕಿಲ್ಲ. ಮಧ್ಯವರ್ತಿಗಳಿಗೆ ದುಡ್ಡು ಕೊಡಬೇಡಿ. 800 ರೂಪಾಯಿಯ ಪೆನ್ಷನ್‌ಗೆ ಮೂರು ಸಾವಿರ ಕೊಟ್ಟವರನ್ನು ನೋಡಿದ್ದೇನೆ. ನೋಡಿ ಹೊಟ್ಟೆ ಉರಿದಿದೆ.

ಕಡತ, ಮಳೆ ಬರುವ ಮೊದಲು

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗ ಉಟ್ಟ ಬಟ್ಟೆಯಲ್ಲಿ ಓಡಿ ಬಂದವರ ಬಳಿ ಒಂದು ಕಾಗದವೂ ಇರಲಿಲ್ಲ. ಅದಕ್ಕೇ ಹೇಳುತ್ತೇನೆ, ಯುಡಿಐಡಿ, ಆಧಾರ್, ರೇಷನ್ ಕಾರ್ಡ್, ಮಂಜೂರಾತಿ ಆದೇಶ, ಪಾಸ್‌ಬುಕ್‌ನ ಮೊದಲ ಪುಟ, ಆಸ್ಪತ್ರೆಯ ಮುಖ್ಯ ಚೀಟಿ, ಇವಿಷ್ಟನ್ನೂ ಮೊಬೈಲಲ್ಲಿ ಫೋಟೊ ತೆಗೆದು ಮನೆಯ ಇಬ್ಬರಿಗೆ ಕಳಿಸಿಡಿ. ಡಿಜಿಲಾಕರ್‌ನಲ್ಲೂ ಹಾಕಿ. ಅಸಲನ್ನು ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಾಗಿಲ ಹತ್ತಿರದ ಮೊಳೆಗೆ ನೇತುಹಾಕಿ, ಬೀರುವಿನ ತಳಕ್ಕಲ್ಲ. ಒಂದು ಸಣ್ಣ ಪುಸ್ತಕದಲ್ಲಿ ಯಾವ ದಿನ ಯಾವ ಕಚೇರಿಗೆ ಹೋದೆ, ಯಾರು ಏನು ಹೇಳಿದರು ಎಂದು ಬರೆಯುತ್ತಾ ಹೋಗಿ. ನನ್ನ ತಮ್ಮನ ಏಳು ತಿಂಗಳ ಬಾಕಿಗೆ ಅರ್ಜಿ ಬರೆದಾಗ ಅಂಥ ಒಂದು ಪುಸ್ತಕವೇ ನನಗೆ ಸಾಕ್ಷಿಯಾಯಿತು.

ಜೂನ್ ಬಂದರೆ ಕರೆಂಟ್ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ನಾಡಕಚೇರಿಯ ಸರ್ವರ್ ಕೈಕೊಡುತ್ತದೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲು, ಕೂಲಿ ಬಿಟ್ಟು ಹೋಗಲಾಗುವುದಿಲ್ಲ. ಮಧ್ಯೆ ಸಿಗುವುದು ಮಾರ್ಚ್, ಏಪ್ರಿಲ್, ಮೇ. ನವೀಕರಣ, ಕೆವೈಸಿ, ವಿಳಾಸ ಬದಲಾವಣೆ, ಎಲ್ಲವನ್ನೂ ಆ ಮೂರು ತಿಂಗಳಲ್ಲಿ ಮುಗಿಸಿಕೊಳ್ಳಿ.